ಹೃದಯಾಘಾತದ ಎಚ್ಚರಿಕೆಗಳು

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆಯ ಯಜಮಾನರಿಗೆ ಐವತ್ತೈದರ ವಯಸ್ಸು. ಹಗಲು ನೆಂಟರ ಮದುವೆಗೆ ಹೋಗಿ, ಹೋಳಿಗೆಯನ್ನು ಒಂದೆರಡು ಹೆಚ್ಚಾಗಿಯೇ ತಿಂದು ಬಂದಿದ್ದಾರೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗುತ್ತದೆ. ಎದೆಯ ನಡುವೆ ಒರಳುಕಲ್ಲನ್ನು ತಂದಿರಿಸಿದಂಥ ಭಾರ. ಮೈ ಬೆವರುತ್ತಿದೆ, ಮುಟ್ಟಿದರೆ ತಣ್ಣಗಿದೆ. ಹೆಂಡತಿ ಎದ್ದು ದೀಪ ಹಾಕಿ ಏನೆಂದು ಕೇಳಿದರೆ, "ಏನೂ ಇಲ್ಲ ಕಣೇ, ಹೋಳಿಗೆ ಅರಗಿಲ್ಲ. ವಾಯು ತುಂಬಿಕೊಂಡಿದೆ, ಅಷ್ಟೆ" ಎನ್ನುತ್ತಾರೆ. ಆಕೆ ಓಮದ ಕಷಾಯ ಮಾಡಿ ತರುತ್ತಾರೆ. ಒಂದು ತೇಗು ಬರುತ್ತದೆ. ಕೊಂಚ ಹಗುರವಾದಂತೆ ತೋರುತ್ತದೆ. "ಮಗನನ್ನ ಎಬ್ಬಿಸಲೇನ್ರೀ? ಆಸ್ಪತ್ರೆಗೆ ಹೋಗಿಬರೋಣ." "ಬೇಡ, ಪಾಪ, ಅವನು ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ಬೆಳಗಾಗಲಿ, ನೋಡೋಣ." ಬೆಳಗಾಗುವುದಕ್ಕೆ ಇನ್ನೂ ನಾಲ್ಕು ಗಂಟೆಗಳಿವೆ.

ಈ ನಾಲ್ಕು ಗಂಟೆಗಳ ವಿಚಾರವಾಗಿಯೇ ಈ ದಿನ ನಾವು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಹೃದಯಾಘಾತವೆಂದರೆ, ನಾಟಕದಲ್ಲಿ ತೋರಿಸುವಂತೆ, ಮನುಷ್ಯನು ಎದೆಯನ್ನು ಹಿಡಿದುಕೊಂಡು ಒಂದು ಕೂಗು ಕೂಗಿ ನೆಲಕ್ಕೆ ಉರುಳುವುದು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಹಾಗಾಗುವುದು ಇಲ್ಲವೆಂದಲ್ಲ. ಆದರೆ ಬಹುಮಂದಿಯಲ್ಲಿ ಅದು ಸದ್ದಿಲ್ಲದೆ ಬರುತ್ತದೆ. ಅಜೀರ್ಣದ ವೇಷವನ್ನೋ ಆಯಾಸದ ವೇಷವನ್ನೋ ತೊಟ್ಟು ಬರುತ್ತದೆ. ಬಂದುದು ಏನೆಂದು ತಿಳಿಯದೆ, ಅದಕ್ಕೆ ನಾವೇ ಒಂದು ಸುಲಭವಾದ ಕಾರಣವನ್ನು ಕಲ್ಪಿಸಿಕೊಂಡು, ಅಮೂಲ್ಯವಾದ ಹೊತ್ತನ್ನು ಕಳೆದುಬಿಡುತ್ತೇವೆ. ಆದುದರಿಂದ ಈ ಆಘಾತದ ಲಕ್ಷಣಗಳಾವುವು, ಅವು ಏತಕ್ಕೆ ನಮ್ಮನ್ನು ಮೋಸಗೊಳಿಸುತ್ತವೆ, ಅವು ಕಂಡಾಗ ಮಾಡತಕ್ಕದ್ದೇನು ಎಂಬುದನ್ನು ಕ್ರಮವಾಗಿ ವಿಚಾರಮಾಡೋಣ.

ಮೊದಲು ಹೃದಯದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅದು ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಕದ, ಮಾಂಸದಿಂದಾದ ಒಂದು ಪಂಪು. ಸುಮ್ಮನೆ ಕುಳಿತಿರುವ ಮನುಷ್ಯನಲ್ಲಿಯೂ ನಿಮಿಷಕ್ಕೆ ಸುಮಾರು 70 ಸಲ ಮಿಡಿದು, ಐದು ಲೀಟರುಗಳಷ್ಟು ರಕ್ತವನ್ನು ಮೈಗೆಲ್ಲ ತಳ್ಳುತ್ತದೆ. ಒಂದು ದಿನಕ್ಕೆ ಒಂದು ಲಕ್ಷ ಸಲ ಮಿಡಿಯುತ್ತದೆ. ನಮ್ಮ ಕೈಕಾಲುಗಳ ಮಾಂಸಖಂಡಗಳು ದುಡಿದು ದಣಿದರೆ ವಿಶ್ರಾಂತಿಯನ್ನು ಪಡೆಯುತ್ತವೆ. ಹೃದಯಕ್ಕೆ ಒಂದು ಮಿಡಿತಕ್ಕೂ ಇನ್ನೊಂದು ಮಿಡಿತಕ್ಕೂ ನಡುವೆ ಇರುವ ಕ್ಷಣಾರ್ಧವೇ ವಿಶ್ರಾಂತಿ. ಇಷ್ಟು ದುಡಿಯುವ ಮಾಂಸಕ್ಕೆ ಆಹಾರವೂ ಪ್ರಾಣವಾಯುವೂ ಎಡೆಬಿಡದೆ ಒದಗುತ್ತಿರಬೇಕು. ಹೃದಯದ ಕೋಣೆಗಳಲ್ಲಿ ರಕ್ತವು ತುಂಬಿ ಹರಿಯುತ್ತಿದ್ದರೂ ಅದರ ಗೋಡೆಯ ಮಾಂಸಕ್ಕೆ ಆ ರಕ್ತದಿಂದ ಹೆಚ್ಚಿನ ಪ್ರಯೋಜನವಿಲ್ಲ. ಬ್ಯಾಂಕಿನಲ್ಲಿ ಹಣವೆಣಿಸುವ ಗುಮಾಸ್ತನು ಕೈಯಲ್ಲಿ ಸಾವಿರಾರು ರೂಪಾಯಿಗಳನ್ನು ಹಿಡಿದಿದ್ದರೂ ತನ್ನ ಸಂಬಳದಿಂದಲೇ ಜೀವಿಸಬೇಕಷ್ಟೆ, ಹಾಗೆಯೇ ಹೃದಯವೂ. ಅದಕ್ಕೆಂದು ಮಹಾಧಮನಿಯ ಬುಡದಿಂದ ಎರಡು ಸಣ್ಣ ನಾಳಗಳು ಹೊರಟು, ಕವಲೊಡೆದು, ಹೃದಯದ ಮೇಲೆಲ್ಲ ಕಿರೀಟದಂತೆ ಸುತ್ತಿಕೊಂಡಿವೆ. ಇವುಗಳನ್ನು ಕಿರೀಟ ಧಮನಿಗಳೆಂದು ಕರೆಯೋಣ. ಹುಲ್ಲುಕಡ್ಡಿಗಿಂತ ಬಹಳ ದಪ್ಪವಲ್ಲದ ಈ ನಾಳಗಳ ಮೇಲೆ ನಮ್ಮ ಆಯುಸ್ಸು ನಿಂತಿದೆ.

ವರ್ಷಗಳು ಕಳೆದಂತೆ ಈ ನಾಳಗಳ ಗೋಡೆಯೊಳಗೆ ಕೊಬ್ಬಿನ ಪದಾರ್ಥವು ಸೇರಿ ಅಲ್ಲಲ್ಲಿ ದಡಿಗಟ್ಟುತ್ತದೆ. ತಂಬಾಕು, ರಕ್ತದ ಒತ್ತಡ, ಸಿಹಿಮೂತ್ರರೋಗ, ರಕ್ತದಲ್ಲಿ ಕೊಬ್ಬಿನ ಏರುಪೇರು, ಬೊಜ್ಜು, ಮೈಗೆ ಶ್ರಮವಿಲ್ಲದ ಬಾಳು, ಮನಸ್ಸಿನ ಬೇಗೆ ಇವೆಲ್ಲವೂ ಇದಕ್ಕೆ ನೆರವಾಗುತ್ತವೆ. ನಾಳವು ಕಿರಿದಾದರೆ, ನಡೆಯುವಾಗ, ಮೆಟ್ಟಿಲೇರುವಾಗ ಹೃದಯಕ್ಕೆ ಬೇಕಾದಷ್ಟು ರಕ್ತವು ಸಾಲದೆ ಎದೆಯಲ್ಲಿ ಬಿಗಿತವುಂಟಾಗುತ್ತದೆ, ನಿಂತರೆ ಹೋಗುತ್ತದೆ. ಹೃದಯಾಘಾತವೇ ಬೇರೆ. ಆಗ ನಾಳದೊಳಗಿನ ದಡಿಯ ಮೇಲಿನ ತೆಳುವಾದ ಪೊರೆ ಒಮ್ಮೆಗೇ ಬಿರಿಯುತ್ತದೆ. ಗಾಯವಾಯಿತೆಂದು ತಿಳಿದು ರಕ್ತವು ಅಲ್ಲಿ ಹೆಪ್ಪುಗಟ್ಟುತ್ತದೆ. ಬೆರಳಿನ ಗಾಯದಲ್ಲಿ ನಮ್ಮನ್ನು ಕಾಪಾಡುವ ಗುಣವೇ ಇಲ್ಲಿ ನಾಳವನ್ನು ಮುಚ್ಚಿಬಿಡುತ್ತದೆ. ಮೊದಲು ಅರ್ಧವೂ ಮುಚ್ಚಿರದಿದ್ದ ನಾಳವೂ ಹೀಗೆ ಕೆಲವು ನಿಮಿಷಗಳಲ್ಲಿ ಪೂರ್ತಿಯಾಗಿ ಮುಚ್ಚಿಹೋಗಬಹುದು. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವರಿಗೆ ಈ ದಿನ ಹೇಗಾಯಿತೆಂದು ಜನರು ಬೆರಗಾಗುವುದಕ್ಕೆ ಇದೇ ಉತ್ತರ.

ನಾಳವು ಮುಚ್ಚಿದೊಡನೆ ಅದರ ಮುಂದಿನ ಮಾಂಸವೆಲ್ಲ ಒಮ್ಮೆಗೇ ಸಾಯುವುದಿಲ್ಲ. ಸುಮಾರು ಇಪ್ಪತ್ತು ಮೂವತ್ತು ನಿಮಿಷಗಳಾದ ಮೇಲೆ ಒಳಪದರದಲ್ಲಿ ನಾಶವು ಆರಂಭವಾಗಿ, ಗಂಟೆಗಂಟೆಗೂ ಹೊರಕ್ಕೆ ಹಬ್ಬುತ್ತ ಹೋಗುತ್ತದೆ. ಆರು ಗಂಟೆಗಳಾಗುವ ವೇಳೆಗೆ ಉಳಿಸಿಕೊಳ್ಳಬಹುದಾಗಿದ್ದ ಭಾಗದಲ್ಲಿ ಬಹುಪಾಲು ಕೈಬಿಟ್ಟುಹೋಗಿರುತ್ತದೆ. ಸತ್ತ ಹೃದಯಮಾಂಸವು ಮತ್ತೆ ಬೆಳೆಯುವುದಿಲ್ಲ. ಅದರ ಎಡೆಯಲ್ಲಿ ಮಿಡಿಯಲಾರದ ಕಲೆ ಉಳಿಯುತ್ತದೆ. ಇದಲ್ಲದೆ, ಮೊದಲನೆಯ ಗಂಟೆಯಲ್ಲಿಯೇ ಹೃದಯದ ಲಯವು ಕೆಟ್ಟು, ಅದು ಮಿಡಿಯುವುದನ್ನು ಬಿಟ್ಟು ಬರಿದೆ ಅದುರುವ ಸಂಭವವು ಅತಿ ಹೆಚ್ಚು. ಆಸ್ಪತ್ರೆಯನ್ನು ಸೇರುವ ಮೊದಲೇ ಜೀವ ಹೋಗುವವರಲ್ಲಿ ಬಹುಮಂದಿ ಹೀಗೆ ಹೋಗುತ್ತಾರೆ. ನಮ್ಮ ಯಜಮಾನರು ಬೆಳಗಿಗೆಂದು ಕಾದಿರಿಸಿದ ನಾಲ್ಕು ಗಂಟೆಗಳ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ.

ಎದೆಯ ಈ ಬಗೆಯ ನೋವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿ ಅದಕ್ಕೊಂದು ಹೆಸರಿಟ್ಟವನು ಇಂಗ್ಲೆಂಡಿನ ವಿಲಿಯಂ ಹೆಬರ್ಡೆನ್ ಎಂಬ ವೈದ್ಯ. 1768ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಆತನು ಒಂದು ಲೇಖನವನ್ನೋದಿದನು. 1772ರಲ್ಲಿ ಅದು ಅಚ್ಚಾಯಿತು. ನಡೆಯುವಾಗ, ಅದರಲ್ಲಿಯೂ ದಿಬ್ಬವನ್ನು ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿನಲ್ಲಿ ಎದೆಯನ್ನು ಹಿಸುಕಿದಂತಾಗುತ್ತದೆಂದೂ, ನಿಂತೊಡನೆ ಅದು ಮಾಯವಾಗುತ್ತದೆಂದೂ ಆತನು ಬರೆದನು. ಉಸಿರುಕಟ್ಟಿಸುವಂಥ ಬಿಗಿತವೆಂಬ ಅರ್ಥದಲ್ಲಿ ಅದಕ್ಕೆ 'ಆಂಜೈನ' ಎಂದು ಹೆಸರಿಟ್ಟನು. ಆದರೆ ಅದರ ಮೂಲವು ಹೃದಯದ ನಾಳಗಳಲ್ಲಿದೆಯೆಂಬುದು ಆತನಿಗೆ ತಿಳಿದಿರಲಿಲ್ಲ. ಸಿಡುಬಿನ ಚುಚ್ಚುಮದ್ದಿನಿಂದ ಪ್ರಸಿದ್ಧನಾದ ಎಡ್ವರ್ಡ್ ಜೆನ್ನರನಿಗೆ ಆ ಸಂಶಯವು ಬಂದಿತು. ಆದರೆ ತನ್ನ ಗುರುವಾದ ಜಾನ್ ಹಂಟರನಿಗೇ ಆ ರೋಗವಿದೆಯೆಂದು ಕಂಡು, ಗುರುವಿನ ಮನಸ್ಸು ಕಂಗೆಡಬಾರದೆಂದು ಆತನು ಅದನ್ನು ಪ್ರಕಟಿಸದೆ ತಡೆದನು. ಹಂಟರನು 1793ರಲ್ಲಿ, ತಾನು ಕೆಲಸಮಾಡುತ್ತಿದ್ದ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದವಾದ ಕೂಡಲೆ ಕುಸಿದು ತೀರಿಕೊಂಡನು. ದೇಹವನ್ನು ಪರೀಕ್ಷಿಸಿದಾಗ ಆತನ ಕಿರೀಟ ಧಮನಿಗಳು ಸುಣ್ಣಗಟ್ಟಿ ಗಡುಸಾಗಿದ್ದುವು.

ಆದರೂ, ಆ ನಾಳವು ಒಮ್ಮೆಗೇ ಮುಚ್ಚಿದರೆ ಮನುಷ್ಯನು ಆ ಕ್ಷಣವೇ ಸಾಯುವನೆಂದು ವೈದ್ಯರು ಬಹುಕಾಲ ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದವನು ಅಮೆರಿಕದ ಚಿಕಾಗೋ ನಗರದ ಜೇಮ್ಸ್ ಹೆರಿಕ್. ನಾಳವು ಮುಚ್ಚಿದ ಬಳಿಕವೂ ಗಂಟೆಗಳ ಕಾಲ, ದಿನಗಳ ಕಾಲ ಮನುಷ್ಯನು ಬದುಕಿರಬಲ್ಲನು, ಪೂರ್ತಿ ಚೇತರಿಸಿಕೊಳ್ಳಲೂ ಬಲ್ಲನು ಎಂದು ಆತನು 1912ರಲ್ಲಿ ತೋರಿಸಿಕೊಟ್ಟನು. ಆತನು ವರ್ಣಿಸಿದ ರೋಗಿಯೊಬ್ಬನ ಸಂಗತಿಯು ನಮ್ಮ ವಿಷಯಕ್ಕೆ ಬಹಳ ಉಚಿತವಾಗಿದೆ. ಆತನಿಗೆ 55 ವರ್ಷ. ಆರೋಗ್ಯವಂತನೆಂದೇ ಎಲ್ಲರೂ ತಿಳಿದಿದ್ದರು. ಊಟಮಾಡಿದ ಒಂದು ಗಂಟೆಯ ಮೇಲೆ ಎದೆಯ ಕೆಳಭಾಗದಲ್ಲಿ ತೀವ್ರವಾದ ನೋವು, ಹೊಟ್ಟೆತೊಳಸು. ತಿಂದ ಅನ್ನವೇ ಕೆಟ್ಟದ್ದು ಮಾಡಿತೆಂದು ಬಗೆದು ಆತನು ಗಂಟಲಿಗೆ ಬೆರಳು ಹಾಕಿ ವಾಂತಿಮಾಡಿಕೊಂಡನು. ಐವತ್ತೆರಡು ಗಂಟೆಗಳ ಮೇಲೆ ಆತನು ತೀರಿಕೊಂಡನು. ಕಿರೀಟ ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿತ್ತು. ಹೋಳಿಗೆಯ ಮೇಲೆ ತಪ್ಪು ಹೊರಿಸುವ ಅಭ್ಯಾಸವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ.

ಸಾಮಾನ್ಯರು ಮೋಸಹೋಗುವುದಿರಲಿ, ದೊಡ್ಡವರ ಸಂಗತಿಯನ್ನೂ ನೋಡೋಣ. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರರು ಡೆನ್ವರ್ ನಗರದಲ್ಲಿ ವಿಶ್ರಾಂತಿಗಾಗಿ ತಂಗಿದ್ದರು. 23ನೆಯ ತಾರೀಖು ಗಾಲ್ಫ್ ಆಟದ ನಡುವೆ ಹಸಿಯ ಈರುಳ್ಳಿಯೊಡನೆ ಮಾಂಸದ ಹ್ಯಾಂಬರ್ಗರನ್ನು ತಿಂದರು. ಅಪರಾಹ್ನ ಹೊಟ್ಟೆಯಲ್ಲಿ ಏನೋ ತೊಂದರೆಯೆಂದರು. ದೋಷವು ಈರುಳ್ಳಿಯ ಮೇಲೆ ಹೋಯಿತು. ನಡುರಾತ್ರಿ ಕಳೆದಮೇಲೆ ಎದೆನೋವಿನಿಂದ ಎಚ್ಚರವಾಯಿತು. ಅವರ ಸ್ವಂತ ವೈದ್ಯರು ಬಂದು ನೋಡಿಕೊಂಡರು. ಮರುದಿನ ಬೆಳಗ್ಗೆ ಪತ್ರಿಕೆಯವರಿಗೆ ಅಜೀರ್ಣದ ತೊಂದರೆಯೆಂದು ತಿಳಿಸಲಾಯಿತು. ಮಧ್ಯಾಹ್ನ ಇ.ಸಿ.ಜಿ. ತೆಗೆದಾಗ ಹೃದಯಾಘಾತವೆಂಬುದು ಬಯಲಾಯಿತು. ಅವರನ್ನು ಆಸ್ಪತ್ರೆಗೆ ಸಾಗಿಸಿದರು. ಅವರು ಬದುಕಿ ಉಳಿದು, 1956ರಲ್ಲಿ ಮತ್ತೆ ಚುನಾಯಿತರಾಗಿ, 1969ರವರೆಗೆ ಬಾಳಿದರು. ಬಾಗಿಲಲ್ಲಿಯೇ ವೈದ್ಯರಿದ್ದ ರಾಷ್ಟ್ರಾಧ್ಯಕ್ಷರ ನೋವೇ ಮೊದಲು ಅಜೀರ್ಣವೆನಿಸಿಕೊಂಡಿತೆಂದರೆ, ನಮ್ಮ ನಿಮ್ಮಂಥವರು ಎಷ್ಟು ಎಚ್ಚರದಿಂದಿರಬೇಕು!

ಹೃದಯದ ನೋವು ಹೀಗೆ ಬೇರೆ ಕಡೆಯ ನೋವಿನಂತೆ ತೋರುವುದಕ್ಕೆ ಕಾರಣವಿಲ್ಲದೆ ಇಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೆ ಇಂಥ ಕಡೆಯೇ ಚುಚ್ಚಿತೆಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆವು; ಚರ್ಮದ ನರಗಳು ಅಷ್ಟು ನಿಖರವಾದುವು. ಒಳಗಿನ ಅಂಗಗಳ ನರಗಳು ಹಾಗಲ್ಲ. ಹೃದಯದಿಂದ ಹೊರಟ ನೋವಿನ ನರಗಳೂ, ಎದೆಯ ಚರ್ಮ ಮತ್ತು ತೋಳಿನ ಒಳಬದಿಯಿಂದ ಬಂದ ನರಗಳೂ ಬೆನ್ನುಹುರಿಯ ಒಂದೇ ಎಡೆಯಲ್ಲಿ ಕೂಡಿಕೊಳ್ಳುತ್ತವೆ. ಹಳೆಯ ಕಾಲದ ಟೆಲಿಫೋನಿನಲ್ಲಿ ನಾಲ್ಕಾರು ಮನೆಗಳಿಗೆ ಒಂದೇ ತಂತಿಯಿದ್ದರೆ, ಗಂಟೆ ಬಾರಿಸಿದಾಗ ಕರೆದವರಾರೆಂದು ತಿಳಿಯದೆ, ದಿನವೂ ಕರೆಯುವವರೇ ಇರಬೇಕೆಂದು ಊಹಿಸುವಂತೆ, ಮಿದುಳು ಕೂಡ ತಾನು ಹೆಚ್ಚು ಬಲ್ಲ ತೋಳಿಗೋ ದವಡೆಗೋ ಬೆನ್ನಿಗೋ ಆ ನೋವನ್ನು ಆರೋಪಿಸಿಬಿಡುತ್ತದೆ. ಇನ್ನು ಹೃದಯದ ತಳಭಾಗವಾದರೋ ಜಠರಕ್ಕೆ ಬಹಳ ಹತ್ತಿರ. ನಡುವೆ ಇರುವುದು ವಪೆಯ ತೆಳುವಾದ ಪದರವೊಂದೇ. ಅಲ್ಲಿ ಆಘಾತವಾದರೆ ಹೊಟ್ಟೆತೊಳಸು, ವಾಂತಿ, ಬಿಕ್ಕಳಿಕೆ ಬರುವುದುಂಟು. ತೇಗು ಬಂದು ಹಗುರವೆನಿಸಿತೆಂಬುದರಿಂದ ಹೃದಯವು ಸುಸ್ಥಿತಿಯಲ್ಲಿದೆಯೆಂದು ತೀರ್ಮಾನಿಸಕೂಡದು.

ಈಗ ಲಕ್ಷಣಗಳನ್ನು ಹೇಳುತ್ತೇವೆ, ದಯವಿಟ್ಟು ಗಮನದಲ್ಲಿಡಬೇಕು. ಮುಖ್ಯವಾದುದು ಎದೆಯ ನಡುವಣ ಅಹಿತ. ಅಹಿತವೆಂಬ ಮಾತನ್ನು ನಾವು ತಿಳಿದೇ ಬಳಸಿದ್ದೇವೆ. ಏಕೆಂದರೆ ಅನೇಕ ರೋಗಿಗಳು, "ನೋವೇನೂ ಇಲ್ಲ, ಒಂದು ಥರ ಭಾರ" ಎನ್ನುತ್ತಾರೆ. ಅದುಮಿದಂತೆ, ಹಿಸುಕಿದಂತೆ, ಎದೆಗೆ ಹಗ್ಗ ಬಿಗಿದಂತೆ, ಕೆಲವರಲ್ಲಿ ಉರಿದಂತೆ ಇರುತ್ತದೆ. ಎಲ್ಲಿ ನೋವೆಂದು ಕೇಳಿದರೆ ಬೆರಳಿನಿಂದ ತೋರಿಸದೆ ಮುಷ್ಟಿ ಬಿಗಿಹಿಡಿದು ಎದೆಯ ಮೇಲಿಡುವುದುಂಟು. ಅಮೆರಿಕದ ವೈದ್ಯ ಸ್ಯಾಮ್ಯುಯಲ್ ಲೆವಿನ್ ಇದನ್ನು ಗುರುತಿಸಿದುದರಿಂದ ಇಂದಿಗೂ ಆ ಚಿಹ್ನೆಗೆ ಆತನ ಹೆಸರೇ ಇದೆ. ಈ ಅಹಿತವು ಎಡತೋಳಿಗೆ, ಎರಡು ತೋಳುಗಳಿಗೆ, ಹೆಗಲಿಗೆ, ಕುತ್ತಿಗೆಗೆ, ದವಡೆಗೆ, ಹಲ್ಲುಗಳಿಗೆ, ಬೆನ್ನಿನ ಮೇಲ್ಭಾಗಕ್ಕೆ, ಹೊಕ್ಕುಳಿನಿಂದ ಮೇಲಕ್ಕೆ ಹಬ್ಬಬಹುದು. ಎದೆಯನ್ನು ಬಿಟ್ಟು ಅಲ್ಲಿ ಮಾತ್ರವೇ ತೋರಲೂಬಹುದು. ಅದರೊಡನೆ ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ, ಹೊಟ್ಟೆತೊಳಸು, ತಲೆಸುತ್ತು, ಮುಖ ಬಿಳಿಚಿಕೊಳ್ಳುವುದು, ಏನೋ ಕೆಡುಕಾಗುತ್ತದೆಂಬ ವಿವರಿಸಲಾಗದ ಭಯ ಸೇರಿಕೊಳ್ಳುತ್ತವೆ. ಸುಮ್ಮನೆ ಕುಳಿತರೂ ಹೋಗದೆ, ಹತ್ತು ಹದಿನೈದು ನಿಮಿಷಗಳಾದರೂ ಬಿಡದಿದ್ದರೆ, ಅಥವಾ ಬಿಟ್ಟು ಬಿಟ್ಟು ಬರುತ್ತಿದ್ದರೆ, ಅದನ್ನು ಹೃದಯಾಘಾತವೆಂದೇ ಎಣಿಸತಕ್ಕದ್ದು. ಬೆವರೂ ಉಬ್ಬಸವೂ ಜೊತೆಗಿದ್ದರೆ ಅಷ್ಟು ನಿಮಿಷಗಳನ್ನೂ ಎಣಿಸುತ್ತ ಕೂರಬೇಕಾಗಿಲ್ಲ.

ಎದೆಯ ನೋವೆಲ್ಲವೂ ಹೃದಯದ್ದೇ ಎಂದು ಹೆದರಬೇಕೇ ಎಂದು ಕೇಳಬಹುದು. ಹಾಗೇನೂ ಇಲ್ಲ. ಒಂದೆರಡು ಕ್ಷಣ ಸೂಜಿಯಿಂದ ಚುಚ್ಚಿದಂತಾಗಿ ಹೋಗುವ ನೋವು, ಬೆರಳಿನಿಂದ ಒತ್ತಿದರೆ ಹೆಚ್ಚುವ ನೋವು, ಉಸಿರೆಳೆದಾಗ ಅಥವಾ ಮಗ್ಗುಲು ಬದಲಿಸಿದಾಗ ಮಾತ್ರ ತೋರುವ ನೋವು ಹೃದಯದ್ದಾಗಿರುವ ಸಂಭವ ಕಡಿಮೆ. ಆದರೆ ಕಡಿಮೆಯೆಂದರೆ ಇಲ್ಲವೆಂದರ್ಥವಲ್ಲ. ಅದನ್ನು ನಿರ್ಧರಿಸುವುದು ಕಾಗದದ ಮೇಲೆ ಮೂಡುವ ಇ.ಸಿ.ಜಿ.ಯ ಗೆರೆಯೂ ರಕ್ತದ ಪರೀಕ್ಷೆಯೂ ಹೊರತು ನಮ್ಮ ತರ್ಕವಲ್ಲ. ಆಸ್ಪತ್ರೆಗೆ ಹೋಗಿ, ಅಜೀರ್ಣವೆಂದು ಹೇಳಿಸಿಕೊಂಡು ಹಿಂದಿರುಗಿದರೆ ನಮಗೆ ನಷ್ಟವಾಗುವುದು ಒಂದು ರಾತ್ರಿಯ ನಿದ್ದೆ.

ಇನ್ನು ಮೂರು ವರ್ಗದವರ ವಿಚಾರವಾಗಿ ಬೇರೆಯಾಗಿಯೇ ಹೇಳಬೇಕು. ಮೊದಲನೆಯದು ಹೆಂಗಸರು. ಹೃದಯಾಘಾತವು ಗಂಡಸರ ರೋಗವೆಂಬುದು ತಪ್ಪು ತಿಳಿವಳಿಕೆ. ಹೆಂಗಸರಲ್ಲಿಯೂ ಎದೆಯ ಭಾರವೇ ಮುಖ್ಯ ಲಕ್ಷಣವಾದರೂ, ಉಸಿರಿನ ಕಷ್ಟ, ಹೇಳತೀರದ ಆಯಾಸ, ಓಕರಿಕೆ, ದವಡೆಯ ಮತ್ತು ಬೆನ್ನಿನ ನೋವು ಮುಂದಾಗಿ, ಎದೆಯ ಭಾರವು ಹಿಂದಾಗುವುದು ಗಂಡಸರಿಗಿಂತ ಹೆಚ್ಚು. ಮನೆಯವರೆಲ್ಲರ ಊಟವಾಗಲಿ, ಪಾತ್ರೆ ತೊಳೆದಾಗಲಿ, ಆಮೇಲೆ ಮಲಗಿದರಾಯಿತು ಎಂದು ಆ ತಾಯಿ ನೋವನ್ನು ನುಂಗಿಕೊಂಡಿರುತ್ತಾಳೆ; ಹೇಳಿದರೂ ಮನೆಯವರು ನಿಶ್ಶಕ್ತಿಯೆಂದು ತಳ್ಳಿಹಾಕುತ್ತಾರೆ. ಎರಡನೆಯ ವರ್ಗ ಸಿಹಿಮೂತ್ರರೋಗಿಗಳು. ಬಹುಕಾಲದ ಸಿಹಿಮೂತ್ರದಿಂದ ನರಗಳು ಮಂಕಾಗಿ ನೋವಿನ ಸುದ್ದಿಯೇ ಮಿದುಳನ್ನು ಮುಟ್ಟದಿರಬಹುದು. ಅಂಥವರಿಗೆ ಕಾರಣವಿಲ್ಲದೆ ಉಬ್ಬಸ, ಬೆವರು ಅಥವಾ ಸುಸ್ತು ಬಂದರೆ ಅದನ್ನೇ ಎದೆನೋವೆಂದು ಭಾವಿಸಬೇಕು. ಮೂರನೆಯ ವರ್ಗ ವೃದ್ಧರು. ಅವರಲ್ಲಿ ಒಮ್ಮೆಗೇ ಬಂದ ನಿತ್ರಾಣ, ಮೂರ್ಛೆ, ಬುದ್ಧಿಯ ಗಲಿಬಿಲಿ ಇಷ್ಟೇ ತೋರಬಹುದು. ಇದರೊಡನೆ, ವಯಸ್ಸು ಚಿಕ್ಕದೆಂಬ ಧೈರ್ಯವೂ ನಮ್ಮ ಜನಕ್ಕೆ ಸಲ್ಲದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು ಕಂಡುಬಂದಿತು.

ಅನೇಕರಲ್ಲಿ ಹೃದಯವು ಮುಂಚಿತವಾಗಿಯೂ ಎಚ್ಚರಿಸುತ್ತದೆ. ದಿನವೂ ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲನ್ನು ಈ ವಾರ ನಡುವೆ ನಿಂತು ಹತ್ತಬೇಕಾಗುತ್ತದೆ. ಸಂಜೆಯ ತಿರುಗಾಟದಲ್ಲಿ ಇಂಥ ತಿರುವಿಗೆ ಬಂದರೆ ಎದೆ ಬಿಗಿಯುತ್ತದೆ. ಅಂಗಡಿಯನ್ನು ನೋಡುವವರಂತೆ ನಿಂತರೆ ಸಡಿಲುತ್ತದೆ. ಮೊದಲಿಂದ ಆಂಜೈನವಿದ್ದವರಲ್ಲಿ ಅದು ಅಲ್ಪ ಶ್ರಮಕ್ಕೇ ಬರತೊಡಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ, ಕುಳಿತಾಗಲೂ ಮಲಗಿದಾಗಲೂ ಬರುತ್ತದೆ. ಇವೆಲ್ಲ ನಾಳವು ಪೂರ್ತಿ ಮುಚ್ಚುವ ಮೊದಲಿನ ತಟ್ಟುವಿಕೆಗಳು. ಈ ಹಂತದಲ್ಲಿ ತಡಮಾಡದೆ ವೈದ್ಯರನ್ನು ಕಂಡರೆ ಆಘಾತವನ್ನೇ ತಪ್ಪಿಸಲು ಬಹಳ ಮಟ್ಟಿಗೆ ಸಾಧ್ಯ. ಕುಳಿತಿದ್ದಾಗಲೇ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ಲಕ್ಷಣಗಳು ಕಂಡಾಗ ಮಾಡತಕ್ಕದ್ದೇನು? ರೋಗಿಯು ಮಾಡುತ್ತಿರುವ ಕೆಲಸವನ್ನು ಅಲ್ಲಿಗೇ ಬಿಟ್ಟು, ಒರಗಿ ಕುಳಿತುಕೊಳ್ಳಬೇಕು. ನಡೆಯಬಾರದು, ಮೆಟ್ಟಿಲಿಳಿಯಬಾರದು, ತಾನೇ ವಾಹನವನ್ನು ನಡೆಸಿಕೊಂಡು ಹೋಗಲೇಬಾರದು. ಕೂಡಲೆ 108 ಸಂಖ್ಯೆಗೆ ಟೆಲಿಫೋನು ಮಾಡಿ ಆಂಬ್ಯುಲೆನ್ಸನ್ನು ಕರೆಸಬೇಕು. ಅದು ಬರುವುದು ತಡವಾಗುವ ಎಡೆಯಲ್ಲಿ, ಸಿಕ್ಕಿದ ವಾಹನದಲ್ಲಿ ಮತ್ತೊಬ್ಬರು ಕರೆದೊಯ್ಯಬೇಕು. ಹೋಗುವುದು ಇ.ಸಿ.ಜಿ. ತೆಗೆದು ಚಿಕಿತ್ಸೆಮಾಡಬಲ್ಲ ಆಸ್ಪತ್ರೆಗೇ ಆಗಿರಲಿ. ನೋವು ಆರಂಭವಾದ ಹೊತ್ತನ್ನು ಗುರುತುಮಾಡಿಕೊಳ್ಳಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೊಂದು. ಆಸ್ಪಿರಿನ್ ಒಗ್ಗದವರು, ಹೊಟ್ಟೆಯ ಹುಣ್ಣಿನಿಂದಲೋ ಬೇರೆ ಕಾರಣದಿಂದಲೋ ರಕ್ತಸ್ರಾವವಾಗುತ್ತಿರುವವರು, ವೈದ್ಯರು ಬೇಡವೆಂದವರು, ಇವರನ್ನು ಬಿಟ್ಟು ಉಳಿದವರು 300 ಮಿಲಿಗ್ರಾಮಿನ ಆಸ್ಪಿರಿನ್ ಮಾತ್ರೆಯೊಂದನ್ನು ಅಗಿದು ನುಂಗಬಹುದು. 1988ರಲ್ಲಿ ಪ್ರಕಟವಾದ, ಹದಿನೇಳು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳ ಪರೀಕ್ಷೆಯೊಂದರಲ್ಲಿ ಈ ಅಗ್ಗದ ಮಾತ್ರೆಯು ಐದು ವಾರಗಳೊಳಗಿನ ಇಂಥ ಮರಣಗಳನ್ನು ಕಾಲುಭಾಗದಷ್ಟು ಇಳಿಸಿತು. ಅದು ಹೆಪ್ಪನ್ನು ಬೆಳೆಯಗೊಡದೆ ತಡೆಯುತ್ತದೆ. ಆದರೆ ಆಸ್ಪತ್ರೆಯ ಕೆಲಸವನ್ನು ಅದು ಮಾಡಲಾರದು. ನಾಲಗೆಯಡಿ ಇಡುವ ಸಾರ್ಬಿಟ್ರೇಟ್ ಮುಂತಾದ ಮಾತ್ರೆಗಳನ್ನು ವೈದ್ಯರು ತಮಗೆಂದೇ ಬರೆದುಕೊಟ್ಟಿದ್ದರೆ ಮಾತ್ರ ಬಳಸಬೇಕು. ನೆರೆಮನೆಯವರ ಮಾತ್ರೆಯನ್ನು ತಂದು ಇಡುವುದು ಕೂಡದು. ರಕ್ತದ ಒತ್ತಡವು ಒಮ್ಮೆಗೇ ಕುಸಿಯಬಹುದು. ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತವು ನಿಲ್ಲುತ್ತದೆಂಬ ಸುದ್ದಿಗೆ ಆಧಾರವಿಲ್ಲ.

ರೋಗಿಯು ಪ್ರಜ್ಞೆತಪ್ಪಿ ಉಸಿರಾಡದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿಬಿಟ್ಟು ಏದುತ್ತಿದ್ದರೆ, ಹೃದಯವು ನಿಂತಿದೆಯೆಂದು ತಿಳಿಯಬೇಕು. ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯೆಲುಬಿನ ಕೆಳ ಅರ್ಧದ ಮೇಲೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎದೆಯು ಐದಾರು ಸೆಂಟಿಮೀಟರು ತಗ್ಗುವಂತೆ, ನೆರವು ಬರುವವರೆಗೂ ಒತ್ತುತ್ತಿರಬೇಕು. ಈ ಕ್ರಮವನ್ನು ಅಮೆರಿಕದ ಬಾಲ್ಟಿಮೋರ್ ನಗರದ ಮೂವರು 1960ರಲ್ಲಿ ಪ್ರಕಟಿಸಿದರು. ಎರಡು ಕೈಗಳಿಂದಲೇ, ಬೇರೆ ಯಾವ ಉಪಕರಣವೂ ಇಲ್ಲದೆ ಯಾರು ಬೇಕಾದರೂ ಇದನ್ನು ಮಾಡಬಹುದೆಂಬುದೇ ಅದರ ಹಿರಿಮೆ. ಇದನ್ನು ಒಂದು ಸಲವಾದರೂ ಬಲ್ಲವರಿಂದ ಕೈಯಾರೆ ಕಲಿತುಕೊಂಡಿರುವುದು ಪ್ರತಿಯೊಬ್ಬ ನಾಗರಿಕನಿಗೂ ಉಚಿತ.

ಆಸ್ಪತ್ರೆಯಲ್ಲಿ ನಡೆಯುವುದೇನೆಂಬುದನ್ನು ತಿಳಿದರೆ ಅವಸರದ ಅರ್ಥವು ಇನ್ನೂ ಸ್ಪಷ್ಟವಾಗುತ್ತದೆ. ಮೊದಲು ಇ.ಸಿ.ಜಿ. ತೆಗೆಯುತ್ತಾರೆ. ಹಾಲೆಂಡಿನ ವಿಲೆಮ್ ಐಂತೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ತಕ್ಕ ಯಂತ್ರವನ್ನು ರಚಿಸಿ 1924ರ ನೊಬೆಲ್ ಬಹುಮಾನವನ್ನು ಪಡೆದನು. ಮೊದಲನೆಯ ಇ.ಸಿ.ಜಿ. ಸರಿಯಾಗಿದ್ದರೂ ಆಘಾತವಿರಬಹುದು. ಆದುದರಿಂದ ವೈದ್ಯರು ಅದನ್ನು ಮತ್ತೆ ಮತ್ತೆ ತೆಗೆಯುವುದಾಗಿ ಹೇಳಿದರೆ, ರಕ್ತದ ಪರೀಕ್ಷೆಗಾಗಿ ಕೆಲವು ಗಂಟೆ ಇರಿಸಿಕೊಂಡರೆ, ಬೇಸರಪಟ್ಟು ಎದ್ದುಬರಕೂಡದು. ನಾಳವು ಮುಚ್ಚಿರುವುದು ಖಚಿತವಾದರೆ ಎರಡು ಮಾರ್ಗಗಳಿವೆ. ಒಂದು, ಹೆಪ್ಪನ್ನು ಕರಗಿಸುವ ಔಷಧವನ್ನು ಸೂಜಿಯ ಮೂಲಕ ಕೊಡುವುದು. ಮತ್ತೊಂದು, ಮುಂಗೈಯ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಹೃದಯದವರೆಗೆ ತೂರಿಸಿ, ಅದರ ತುದಿಯ ಬುರುಡೆಯನ್ನು ಉಬ್ಬಿಸಿ ಮುಚ್ಚಿದ ನಾಳವನ್ನು ತೆರೆಯುವುದು. ಕಿರೀಟ ಧಮನಿಯನ್ನು ಹೀಗೆ ಬುರುಡೆಯಿಂದ ಅಗಲಿಸುವ ಕ್ರಮವನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯನು 1977ರ ಸೆಪ್ಟೆಂಬರಿನಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮೊದಲು ನಡೆಸಿದನು. ಆಮೇಲೆ ಅದು ಹೃದಯಾಘಾತದ ಚಿಕಿತ್ಸೆಯೂ ಆಯಿತು. ಮೊದಲ ಒಂದೆರಡು ಗಂಟೆಗಳಲ್ಲಿ ನಾಳವು ತೆರೆದರೆ ಹೃದಯಮಾಂಸವು ಬಹುಪಾಲು ಉಳಿಯುತ್ತದೆ. ಹನ್ನೆರಡು ಗಂಟೆಗಳಾದ ಮೇಲೆ ಹೆಪ್ಪು ಕರಗಿಸುವ ಔಷಧದಿಂದ ಪ್ರಯೋಜನವು ಅತ್ಯಲ್ಪ. ಔಷಧವು ಅದೇ, ವೈದ್ಯರೂ ಅವರೇ. ಫಲವನ್ನು ನಿರ್ಧರಿಸುವುದು ರೋಗಿಯು ಬಾಗಿಲಿಗೆ ಬಂದ ಹೊತ್ತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು 46ನೆಯ ವಯಸ್ಸಿನಲ್ಲಿ, ಒಂದೇ ಹಗಲಿನ ಸ್ವಲ್ಪ ಹೊತ್ತಿನೊಳಗೆ, ಹೃದಯಸ್ತಂಭನದಿಂದ ತೀರಿಕೊಂಡಾಗ ಕನ್ನಡನಾಡೆಲ್ಲ ದಿಗ್ಭ್ರಮೆಗೊಂಡಿತು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳ ವೈದ್ಯರು ದೂರದಿಂದಲೇ ನೋಡಿ ಸಲಹೆ ಕೊಡುವುದೂ, ಹೆಪ್ಪು ಕರಗಿಸುವ ಬೆಲೆಬಾಳುವ ಔಷಧವನ್ನು ಅಲ್ಲಿಯೇ ಉಚಿತವಾಗಿ ಕೊಡುವುದೂ ಅದರ ಉದ್ದೇಶ. ರಾಜಧಾನಿಯವರೆಗಿನ ದೂರವನ್ನು ಇಂಥ ಏರ್ಪಾಡುಗಳು ಕಡಿಮೆಮಾಡಬಲ್ಲವು. ಆದರೆ ಹಾಸಿಗೆಯಿಂದ ಮನೆಯ ಬಾಗಿಲಿನವರೆಗಿನ ದೂರವನ್ನು ಯಾವ ಸರ್ಕಾರವೂ ಕಡಿಮೆಮಾಡಲಾರದು. ಅದು ನಮ್ಮ ಮನಸ್ಸಿಗೆ ಬಿಟ್ಟುದು.

ಆ ದೂರವು ಏಕೆ ಅಷ್ಟು ದೊಡ್ಡದು? ನೋವು ಸಹಿಸುವುದು ಗುಣವೆಂದು ನಮಗೆ ಎಳೆತನದಿಂದ ಕಲಿಸಿದ್ದಾರೆ. ಅರ್ಧರಾತ್ರಿಯಲ್ಲಿ ನೆರೆಯವರ ಬಾಗಿಲು ತಟ್ಟುವುದಕ್ಕೆ ಸಂಕೋಚ, ಬರಿಯ ವಾಯುವೆಂದು ಡಾಕ್ಟರು ನಕ್ಕರೆ ನಾಚಿಕೆ, ಖರ್ಚಿನ ಯೋಚನೆ, ಎಲ್ಲಕ್ಕಿಂತ ಮಿಗಿಲಾಗಿ, ಹೃದಯವೆಂದು ಬಾಯಿಬಿಟ್ಟು ಹೇಳಿದರೆ ಅದೇ ನಿಜವಾದೀತೆಂಬ ಭಯ. ಈ ಸಂಕೋಚಗಳೆಲ್ಲ ಸಭ್ಯರ ಸಂಕೋಚಗಳೇ. ಆದರೆ ಮುಚ್ಚಿದ ನಾಳವು ಸಭ್ಯತೆಗಾಗಿ ಕಾಯುವುದಿಲ್ಲ. ಆದುದರಿಂದ ತೀರ್ಮಾನವನ್ನು ರೋಗಿಗೆ ಬಿಡದಿರುವುದು ಮೇಲು. ನೋವಿನಲ್ಲಿರುವವನು ಬೇಡವೆಂದೇ ಅನ್ನುತ್ತಾನೆ. ಬಳಿಯಲ್ಲಿರುವವರು ಅದನ್ನು ಕೇಳದೆ ಹೊರಡಿಸಬೇಕು. ಈ ವಿಷಯವನ್ನು ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಮಾತನಾಡಿಕೊಂಡು, ಯಾವ ಆಸ್ಪತ್ರೆಗೆ ಹೋಗಬೇಕು, ಯಾರನ್ನು ಕರೆಯಬೇಕು ಎಂಬುದನ್ನು ನಿಶ್ಚಯಿಸಿಕೊಂಡಿರಬೇಕು.

ನಾವು ಮೊದಲು ಕಂಡ ಮನೆಗೆ ಮರಳೋಣ. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಯಜಮಾನರು, "ಬೇಡ, ಬೆಳಗಾಗಲಿ" ಎನ್ನುತ್ತಿದ್ದಾರೆ. ಆಕೆ ಒಂದು ಗಳಿಗೆ ಅವರ ಬಿಳಿಚಿದ ಮುಖವನ್ನೂ ಹಣೆಯ ಬೆವರನ್ನೂ ನೋಡುತ್ತಾರೆ. ಕಷಾಯದ ಲೋಟವನ್ನು ಪಕ್ಕಕ್ಕಿಟ್ಟು, ಮಗನ ಕೋಣೆಯ ಬಾಗಿಲನ್ನು ತಟ್ಟುತ್ತಾರೆ. ಇಷ್ಟೇ ಬೇಕಾದುದು. ಈ ಮಾತುಗಳನ್ನು ಕೇಳಿದವರಲ್ಲಿ ಒಬ್ಬರಾದರೂ, ಅಂಥ ರಾತ್ರಿಯೊಂದು ಒದಗಿದಾಗ ಆ ಬಾಗಿಲನ್ನು ತಟ್ಟಿದರೆ ನಮ್ಮ ಶ್ರಮವು ಸಾರ್ಥಕ.